ಯುಗಾದಿಗೂ ತೆಗೆಯದ ಜೇಡರ ಬಲೆ

ನಾನಿರುವ ಟೂಸಾನ್ ಊರಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಮರಿ ಮಾಡುವ ಕಾಲ ಡಿಸೆಂಬರಿಗೇ ಶುರುವಾಗುತ್ತದೆ. ಅಮೆರಿಕದ ಉತ್ತರದಲ್ಲಿ ಹಿಮ ಬೀಳುತ್ತಿರುವ ಹೊತ್ತಿನಲ್ಲಿ, ಅರಿಜೋನಾದ ಈ ಸೊನೋರನ್ ಮರುಭೂಮಿಯಲ್ಲಿ ಅನ್ನಾಸ್ ಹಮ್ಮಿಂಗ್‌ಬರ್ಡಿನ ಗಂಡು ನೆಟ್ಟಗೆ ಮೇಲೇರಿ, ಹೆಣ್ಣು ಕೂತ ಪೊದೆಯ ಕಡೆಗೆ ಧುಮುಕತೊಡಗುತ್ತದೆ. ಕೆಳಕ್ಕೆ ಬಂದು ತಿರುಗುವಾಗ ಒಂದು ಚುರುಕು ಸದ್ದು. ಅದು ಗಂಟಲಿನ ದನಿಯಲ್ಲ, ಬಾಲದ ಗರಿಗಳು ಗಾಳಿಗೆ ಅದುರಿ ಹುಟ್ಟುವ ಸದ್ದು ಎಂಬುದನ್ನು 2008ರಲ್ಲಿ ಬರ್ಕ್ಲಿಯ ಸಂಶೋಧಕರು ತೋರಿಸಿಕೊಟ್ಟರು. ಫೆಬ್ರವರಿ ಹೊತ್ತಿಗೆ ಕೋಸ್ಟಾಸ್ ಜಾತಿಯ ಸರದಿ. ಮೂರು ಗ್ರಾಂ ತೂಗುವ ಅಪ್ಪಟ ಮರುಭೂಮಿಯ ಹಕ್ಕಿ ಅದು. ಗಂಡಿಗೆ ಕೆನ್ನೆಯ ಎರಡೂ ಬದಿ ನೇರಳೆ ಮೀಸೆ. ಮಾರ್ಚ್ ಕಳೆಯುವಷ್ಟರಲ್ಲಿ ಮೆಕ್ಸಿಕೋ ಕಡೆಯಿಂದ ಕಪ್ಪು ಗಲ್ಲದ ಇನ್ನೊಂದು ಜಾತಿ ಬಂದಿಳಿಯುತ್ತದೆ. ಅದರ ಗೂಡುಗಳು ಆಗಸ್ಟಿನವರೆಗೂ ಸಿಗುತ್ತವೆ. ಅಂದರೆ ವರ್ಷದ ಮುಕ್ಕಾಲು ಪಾಲು ಈ ಊರಿನ ಯಾವುದೋ ಒಂದು ಕೊಂಬೆಯ ಮೇಲೆ ತಾಯಿಹಕ್ಕಿ ಕೂತೇ ಇರುತ್ತದೆ. ತಂದೆಹಕ್ಕಿಗೆ ಗೂಡಿನ ಗೊಡವೆಯೇ ಇಲ್ಲ. ಕಟ್ಟುವುದು, ಕಾವು ಕೊಡುವುದು, ಉಣಿಸುವುದು ಎಲ್ಲ ಅವಳೊಬ್ಬಳದೇ.

ಹಮ್ಮಿಂಗ್‌ಬರ್ಡ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಸಕ್ಕರೆ ನೀರು. ಅದರ ಲೆಕ್ಕ ಸುಲಭ: ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಕೆಂಪು ಬಣ್ಣ ಬೆರೆಸಬೇಕಾಗಿಲ್ಲ. ಊರಿನಿಂದ ಬಂದಿದ್ದ ನನ್ನ ಅಮ್ಮನಿಗೆ ಇದು ಸರಿಬರಲಿಲ್ಲ. "ಬಾಣಂತಿ ಕಣೇ ಅದು, ಬರೀ ಸಕ್ಕರೆ ನೀರು ಕೊಡ್ತೀಯಲ್ಲ, ಒಂದು ಚೂರು ಬೆಲ್ಲ ಹಾಕು," ಅಂದಳು. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗಳ ಮೈಗೆ ವಿಷವಾಗುತ್ತದೆ. ಜೇನುತುಪ್ಪ ಕಲಸಿಟ್ಟರೆ ಬೇಗ ಬೂಸು ಬರುತ್ತದೆ. ನಮಗೆ ಒಳ್ಳೆಯದೆಂದು ಗೊತ್ತಿರುವುದೆಲ್ಲ ಅವಕ್ಕೂ ಒಳ್ಳೆಯದಾಗಬೇಕಿಲ್ಲ ಎಂದು ಅಮ್ಮನಿಗೆ ಹೇಳುವಾಗ ನನಗೂ ಸ್ವಲ್ಪ ಬೇಜಾರೇ ಆಯಿತು, ಅವಳ ಅಕ್ಕರೆ ಅಷ್ಟು ನಿಜವಾಗಿತ್ತು. ಆಮೇಲೆ ಬಾಟಲಿ ತೊಳೆಯುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಚಳಿಗಾಲದಲ್ಲಿ ವಾರಕ್ಕೆರಡು ಸಲ ತೊಳೆದು ತುಂಬಿದರೆ ಸಾಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಆ ನೀರು ಒಂದೇ ದಿನಕ್ಕೆ ಹುಳಿಯುತ್ತದೆ. ಬಾಟಲಿಯನ್ನು ನೆರಳಿನಲ್ಲೇ ತೂಗುಹಾಕಬೇಕು, ಅದೂ ಗೂಡಿನಿಂದ ದೂರದಲ್ಲಿ. ಬಾಟಲಿ ಇದ್ದಲ್ಲಿ ಗಂಡುಗಳ ಜಗಳ ತಪ್ಪಿದ್ದಲ್ಲ. ಇಲ್ಲಿನ ರೋಡ್‌ರನ್ನರ್ ಹಕ್ಕಿ ಅದರ ಕೆಳಗೆ ಹೊಂಚುಹಾಕಿ ಕೂತು, ಎಗರಿ ಹಮ್ಮಿಂಗ್‌ಬರ್ಡನ್ನೇ ಹಿಡಿಯುವುದೂ ಉಂಟು.

ಗೂಡನ್ನು ಹತ್ತಿರದಿಂದ ನೋಡತೊಡಗಿದ ಮೇಲೆ ನನಗೆ ಮನದಟ್ಟಾದದ್ದು ಬೇರೆ ಸಂಗತಿ. ಈ ತಾಯಿಗೆ ಸಕ್ಕರೆಗಿಂತ ಹೆಚ್ಚು ಬೇಕಾದದ್ದು ಜೇಡರ ಹುಳು.

ನಮ್ಮ ಹಿತ್ತಲಿನ ಪಾಲೋವರ್ಡೆ ಮರದ ಒಂದು ಕೊಂಬೆ ಅಡುಗೆಮನೆಯ ಕಿಟಕಿಯತ್ತ ಬಾಗಿದೆ. ಕೋಸ್ಟಾಸ್ ಹೆಣ್ಣೊಂದು ಅಲ್ಲಿ ಗೂಡಿಗೆ ಕೈಹಾಕಿದಾಗ ದುರ್ಬೀನು ಹಿಡಿದು ನೋಡಿದೆ. ವರಾಂಡದ ಸೂರಿನ ಮೂಲೆಯ ಬಲೆಯ ಮುಂದೆ ಗಾಳಿಯಲ್ಲೇ ನಿಂತು, ಎಳೆಗಳನ್ನು ಕೊಕ್ಕಿಗೂ ಎದೆಗೂ ಮೆತ್ತಿಸಿಕೊಂಡು ಹೋಗುತ್ತಿದ್ದಳು. ಗೂಡಿಗೆ ಬಂದು ಕೊಕ್ಕನ್ನು ಅಂಚಿನ ಸುತ್ತ ಒರೆಸುವಳು. ಆಮೇಲೆ ಒಳಗೆ ಕೂತು, ಎದೆಯಿಂದ ಒತ್ತುತ್ತ, ಒಂದು ಸುತ್ತು ತಿರುಗುವಳು. ಬೀಜದ ಅರಳೆ, ತೊಗಟೆಯ ಚೂರು, ಒಣ ಎಲೆಯ ತುಣುಕು ಎಲ್ಲವನ್ನೂ ಹಿಡಿದಿಟ್ಟಿದ್ದು ಆ ಎಳೆಗಳೇ. ಇಡೀ ಗೂಡಿನ ಅಗಲ ಮೂರು ನಾಲ್ಕು ಸೆಂಟಿಮೀಟರ್. ಒಳಗೆ ಎರಡು ಬಿಳಿ ಮೊಟ್ಟೆ, ಕಾಫಿ ಬೀಜಕ್ಕಿಂತ ತುಸು ದೊಡ್ಡವು. ಜೇಡರ ನೂಲು ಹಿಗ್ಗುವಂಥದ್ದಾದ್ದರಿಂದ ಮರಿಗಳು ಬೆಳೆದಂತೆ ಗೂಡೂ ಹಿಗ್ಗುತ್ತದೆ. ಊರಿನಲ್ಲೇ ಇದ್ದಾಗ ನಮ್ಮ ಮನೆಯ ದಾಸವಾಳಕ್ಕೆ ಸೂರಕ್ಕಿ ಕಟ್ಟುತ್ತಿದ್ದ ತೂಗುಗೂಡಿನಲ್ಲೂ ಇದೇ ನೂಲಿರುತ್ತಿತ್ತು. ಈ ಎರಡು ಹಕ್ಕಿಗಳಿಗೆ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ, ಆದರೂ ಇಬ್ಬರೂ ಜೇಡನನ್ನೇ ನಂಬಿದ್ದಾರೆ.

ಗೂಡು ಕಟ್ಟುವ ಕಾಲ ಯುಗಾದಿಗೆ ಮನೆ ಚೊಕ್ಕಟ ಮಾಡುವ ಕಾಲವೂ ಹೌದು. ಒಳಗಿನ ಜೇಡರ ಬಲೆಯನ್ನು ನಾವು ಈಗಲೂ ಹೊಡೆಯುತ್ತೇವೆ. ಹೊರಗಿನ ಸೂರು, ಬೇಲಿ, ಪೊದೆಗಳ ಬಲೆಗೆ ಪೊರಕೆ ಮುಟ್ಟಿಸುವುದಿಲ್ಲ. ಇಲ್ಲಿ ಚೇಳಿನ ಭಯಕ್ಕೆ ತಿಂಗಳಿಗೊಮ್ಮೆ ಮನೆಯ ಸುತ್ತ ಔಷಧಿ ಹೊಡೆಸುವುದು ರೂಢಿ. ಅದನ್ನೂ ಬಿಡಿಸಿ, ಬಾಗಿಲ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿಸಿದೆವು. ಯಾಕೆಂದರೆ ಮರಿಗಳ ಮೈ ಬೆಳೆಯುವುದು ಹುಳುಹುಪ್ಪಟೆಯಿಂದಲೇ. ತಾಯಿ ಗುಂಗುರು, ನುಸಿ, ಪುಟ್ಟ ಜೇಡಗಳನ್ನು ಹಿಡಿದು ನುಂಗಿ, ಗೂಡಿನ ಅಂಚಿಗೆ ಬಂದು, ಆ ಉದ್ದ ಕೊಕ್ಕನ್ನು ಮರಿಯ ಗಂಟಲಿಗೆ ಪೂರ್ತಿ ಇಳಿಸಿ ಕಕ್ಕುತ್ತಾಳೆ. ಮೊದಲ ಸಲ ನೋಡಿದಾಗ ಎಲ್ಲಿ ಚುಚ್ಚಿಬಿಡುತ್ತಾಳೋ ಎಂದು ಉಸಿರು ಹಿಡಿದಿದ್ದೆ. ಅಮ್ಮ ಬಾಳೆಹಣ್ಣಿನ ಸಿಪ್ಪೆಗಳನ್ನು ಒಂದು ಜಾಲರಿ ಬುಟ್ಟಿಗೆ ಹಾಕಿ ಪೊದೆಯ ಬಳಿ ತೂಗುಹಾಕಿದಳು. ಎರಡು ಮೂರು ದಿನಕ್ಕೆ ಹಣ್ಣಿನ ನೊಣಗಳು ಮುತ್ತಿದವು, ತಾಯಿಹಕ್ಕಿ ಅವನ್ನು ಗಾಳಿಯಲ್ಲೇ ಒಂದೊಂದಾಗಿ ಹೆಕ್ಕಿತು. ಬೆಲ್ಲ ಕೊಡಲಾಗದ ಕೊರತೆ ಅಮ್ಮನಿಗೆ ಅಲ್ಲಿ ನೀಗಿತು.

ಹೂವಿಗಾಗಿ ನೆಟ್ಟದ್ದು ಚುಪರೋಸ. ನಮ್ಮ ಆಡುಸೋಗೆಯ ಕುಲಕ್ಕೇ ಸೇರಿದ ಗಿಡ. ಹೂವು ಮಾತ್ರ ಕೆಂಪು. ಬೇರೂರಿದ ಮೇಲೆ ನೀರು ಹೆಚ್ಚು ಕೇಳುವುದಿಲ್ಲ, ಚಳಿಗಾಲದ ಕೊನೆಯಲ್ಲಿ, ತಾಯಿಗೆ ಬೇಕಾದ ಹೊತ್ತಿಗೇ, ಮೈತುಂಬ ಬಿಡುತ್ತದೆ. ಜಾಗವಿದ್ದವರು ಒಕೊಟಿಯೋ ಕೂಡ ನೆಡಬಹುದು.

ಜನ ಹೆಚ್ಚು ಗಾಬರಿಯಾಗುವುದು ಮರಿಗಳಿಗೆ ಹತ್ತು ಹನ್ನೆರಡು ದಿನವಾದಾಗ. ಅಷ್ಟೊತ್ತಿಗೆ ಪುಕ್ಕ ಮೂಡಿ ಅವು ತಮ್ಮ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳುತ್ತವೆ. ಗೂಡಿನಲ್ಲಿ ಜಾಗವೂ ಇರುವುದಿಲ್ಲ. ತಾಯಿ ಅಲ್ಲಿ ಕೂರುವುದನ್ನು ಬಿಡುತ್ತಾಳೆ, ರಾತ್ರಿಯೂ ಬರುವುದಿಲ್ಲ. "ಬೆಳಿಗ್ಗೆಯಿಂದ ತಾಯಿ ಪತ್ತೆನೇ ಇಲ್ಲ ಕಣೇ, ಬೆಕ್ಕು ಹಿಡೀತೋ ಏನೋ," ಎಂದು ಅಮ್ಮ ಕಣ್ಣೀರು ಹಾಕಿಕೊಂಡಳು. "ಬಂದು ಹೋದ್ಳಮ್ಮ, ನೀನು ಕಾಫಿ ಸೋಸ್ತಿದ್ದಾಗ," ಅಂದೆ. ಉಣಿಸಲು ಅವಳಿಗೆ ಕೆಲವು ಸೆಕೆಂಡು ಸಾಕು, ಕಣ್ಣು ಆಚೀಚೆ ಆದರೆ ತಪ್ಪಿಹೋಗುತ್ತದೆ. ಮರಿಗಳು ಸದ್ದಿಲ್ಲದೆ ಇವೆ ಎಂದರೆ ಹೊಟ್ಟೆ ತುಂಬಿದೆ ಎಂದೇ ಅರ್ಥ. ಗೂಡಿನ ಹೊರಬದಿಯಲ್ಲಿ ಹೊಸ ಹಿಕ್ಕೆಯ ಬಿಳಿ ಗುರುತುಗಳಿದ್ದರೆ ಇನ್ನೂ ಖಾತ್ರಿ: ಮರಿಗಳು ಹಿಂದಕ್ಕೆ ಸರಿದು, ಹಿಂಭಾಗವನ್ನು ಅಂಚಿನಾಚೆ ಎತ್ತಿ ಹೊರಕ್ಕೇ ಹಾರಿಸುತ್ತವೆ. ಬಿಡದೆ ಚೀರುತ್ತಿದ್ದರೆ ಮಾತ್ರ ಪರವಾನಗಿ ಇರುವ ವನ್ಯಜೀವಿ ಆರೈಕೆಯವರಿಗೆ ಫೋನು ಮಾಡಬೇಕು. ಕರುಣೆಯಿಂದ ಕೆಳಗಿಳಿಸಿ ಸಕ್ಕರೆ ನೀರು ಕುಡಿಸುತ್ತ ಸಾಕಲು ಹೋದರೆ, ಪ್ರೋಟೀನ್ ಸಾಲದೆ ಮರಿಯ ಮೈ ಸೊಟ್ಟಗಾಗುತ್ತದೆ.

ಬೆಕ್ಕು, ಬಿಸಿಲುಗಳಷ್ಟೇ ನನ್ನನ್ನು ಹೆದರಿಸುವುದು ಗರಗಸ. ವಸಂತದಲ್ಲಿ ಪಾಲೋವರ್ಡೆ ಹಳದಿ ಹೂ ಸುರಿಸಿ ಅಂಗಳ ಗಲೀಜಾಗುವುದೇ ತಡ, ಬೀದಿಬೀದಿಯಲ್ಲಿ ಕೊಂಬೆ ಸವರುವ ಯಂತ್ರಗಳು ಶುರುವಾಗುತ್ತವೆ. ಮೊಟ್ಟೆಮರಿ ಇರುವ ಗೂಡನ್ನು ಕೆಡಿಸುವುದನ್ನು 1918ರ ವಲಸೆಹಕ್ಕಿ ಒಪ್ಪಂದದ ಕಾಯ್ದೆ ತಡೆಯುತ್ತದೆ. ಆದರೆ ಇಷ್ಟು ಸಣ್ಣ ಗೂಡು ಯಂತ್ರ ಹಿಡಿದವನ ಕಣ್ಣಿಗೆ ಬೀಳುವುದಾದರೂ ಹೇಗೆ? ನಾನು ಮರಕ್ಕೆ ಬಣ್ಣದ ಪಟ್ಟಿ ಕಟ್ಟುತ್ತೇನೆ, ಕೆಲಸದವರಿಗೆ ಗೂಡನ್ನು ತೋರಿಸುತ್ತೇನೆ. ಒಮ್ಮೆ ನೋಡಿದವರು ಪಕ್ಕದ ಮನೆಯ ಮರ ಹತ್ತುವ ಮುಂಚೆಯೂ ಹುಡುಕುತ್ತಾರೆ.

ಆಗಸ್ಟ್ ಕೊನೆಗೆ ನಮ್ಮ ಬಾಟಲಿ ರಾತ್ರಿಯಲ್ಲೇ ಖಾಲಿಯಾಗತೊಡಗುತ್ತದೆ. ಮೆಕ್ಸಿಕೋಗೆ ಹೊರಟ ಮಕರಂದದ ಬಾವಲಿಗಳ ಕೆಲಸ ಅದು. 2018ರವರೆಗೂ ಅಳಿವಿನಂಚಿನ ಪಟ್ಟಿಯಲ್ಲಿದ್ದ ಆ ಜೀವಗಳಿಗೂ ತುಂಬಿಡುತ್ತೇವೆ. ಅವು ಬಂದವೆಂದರೆ ಗೂಡಿನ ಕಾಲ ಮುಗಿಯುತ್ತ ಬಂದಂತೆ. ಆಗಸ್ಟಿನ ಕೊನೆಯ ಗೂಡಿಗೂ ಡಿಸೆಂಬರಿನ ಮೊದಲ ಗೂಡಿಗೂ ನಡುವೆ ಸಿಗುವುದಷ್ಟೇ ಬಿಡುವು. ಮರ ಸವರುವವರನ್ನು ನಾವು ಕರೆಯುವುದು ಅಕ್ಟೋಬರಿನಲ್ಲಿ.