ಬದುವಿನ ಮೇಲಿನ ಜಯಂತಿ

ಬಿಳಿಚೋಡು ಕಡೆಯ ಮಸಾರಿ ಹೊಲಗಳಲ್ಲಿ ಗೋವಿನಜೋಳ ಕೊಯ್ದು ಮುಗಿದರೆ ಜೇನಿಗೆ, ಚಿಟ್ಟೆಗೆ ಬಾಯಿಗಿಡಲು ಸಿಗುವ ಹೂ ತೀರಾ ಕಡಿಮೆ. ಚನ್ನಗಿರಿ, ಹೊನ್ನಾಳಿಯ ನಾಲೆ ನೀರಿನ ತೋಟಗಳ ಮಾತು ಬೇರೆ. ನಾವು ಜಗಳೂರು ಸೀಮೆಯವರು ಮಳೆಯನ್ನೇ ನಂಬಿದವರು. ಅದಕ್ಕೇ ಬಾವಿ ಪಕ್ಕದ ಬದುವಿನಲ್ಲಿ ಜಯಂತಿ ಗಿಡವನ್ನು ಬೇಕೆಂದೇ ಉಳಿಸಿ, ಬೆಳೆಸಿಕೊಂಡು ಬಂದಿದ್ದೇನೆ. ಗಬ್ಬು ಸಣ್ಣ ಶಾವಂತಿ ಎಂದೂ ಇದನ್ನು ಕರೆಯುತ್ತಾರೆ. ಸೂರ್ಯಕಾಂತಿಯ ಕುಟುಂಬದ್ದು, ವರ್ಷದುದ್ದಕ್ಕೂ ಹೂ ಬಿಡುವಂಥದ್ದು. ಬಿಸಿಲಿಗೆ ಮೇಲಿನ ಕಾಂಡ ಒಣಗಿದರೂ ಬೇರು ಜೀವ ಹಿಡಿದಿರುತ್ತದೆ, ಒಂದು ಹದ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ಬೆಳೆಸುವುದಕ್ಕಿಂತ ಗುರುತಿಸುವುದೇ ಕಷ್ಟ. ಕಳೆ ತೆಗೆಯಲು ಬಂದ ಹೆಂಗಸರು, ‘ಯಣ್ಣ, ಇದನ್ನ ಕೀಳೋದಾ, ಬಿಡೋದಾ?’ ಅಂತ ಎಳೆಯ ಗಿಡ ಹಿಡಿದು ಕೇಳುತ್ತಾರೆ. ಹೂವಿಲ್ಲದಾಗ ಎಲೆ ನೋಡಬೇಕು. ಜಯಂತಿಯ ಎಲೆ ಒಂದಕ್ಕೊಂದು ಎದುರಾಗಿ, ಜೋಡಿಜೋಡಿಯಾಗಿ ಬರುತ್ತದೆ. ಅಂಚು ಒರಟು ಹಲ್ಲಿನದು, ಮುಟ್ಟಿದರೆ ರೋಮ ತಾಗುತ್ತದೆ. ಕಾಂಗ್ರೆಸ್ ಗಿಡ ಅನ್ನುವ ಪಾರ್ಥೇನಿಯಂ ಎಲೆ ಕ್ಯಾರೆಟ್ ಎಲೆಯಂತೆ ಸೀಳಿಕೊಂಡಿರುತ್ತದೆ, ಕಾಂಡದ ಮೇಲೆ ಒಂದಾದ ಮೇಲೊಂದು ಹುಟ್ಟುತ್ತದೆ. ಅದು ಚರ್ಮಕ್ಕೆ ಕೆರೆತ ತರುವಂಥದ್ದು, ಹಾಗಾಗಿ ಈ ವ್ಯತ್ಯಾಸ ಕೂಲಿಗೆ ಬರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಗರುಗದ ಸೊಪ್ಪಿನೊಂದಿಗೂ ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಗರುಗ ನೀರು ನಿಲ್ಲುವಲ್ಲಿ, ಕಾಲುವೆ ಅಂಚಿನಲ್ಲಿ ಬೆಳೆಯುತ್ತದೆ; ಹೂ ಪುಟ್ಟ ಬಿಳಿ ಬಿಲ್ಲೆ, ಸುತ್ತ ನೂಲಿನಂಥ ಸಣ್ಣ ಎಸಳು. ಜಯಂತಿಯದು ಗೇಣುದ್ದದ ಬರಿಯ ತೊಟ್ಟು, ಅದರ ತುದಿಗೆ ಒಂದೇ ಹೂ. ಒಂದೇ ಅಂದೆ, ನಿಜಕ್ಕೂ ಅದು ಹತ್ತಾರು ಹೂಗಳ ಗುಂಪು: ನಡುವೆ ಹಳದಿ ಕೊಳವೆಗಳು, ಸುತ್ತ ಐದಾರು ಕೆನೆಬಣ್ಣದ ಎಸಳು, ಪ್ರತಿ ಎಸಳಿನ ತುದಿ ಮೂರಾಗಿ ಸೀಳಿರುತ್ತದೆ. ಒಣಗಿದ ಮೇಲೆ ಪ್ರತಿ ಬೀಜಕ್ಕೂ ಗರಿಯಂಥ ರೋಮದ ಕುಚ್ಚು. ಗರುಗದ ಬೀಜಕ್ಕೆ ಈ ಕುಚ್ಚು ಇಲ್ಲ. ಅನುಮಾನ ಬಂದಾಗಲೆಲ್ಲ ನಾನು ಹೂವನ್ನು ಬಿಟ್ಟು ಬೀಜ ನೋಡುತ್ತೇನೆ.

ಬೆಳೆಸಲು ಆರೈಕೆ ಏನೂ ಬೇಡ. ಮುಂಗಾರು ಹದವಾದಾಗ ಎರಡು ಮೂರು ಗಿಣ್ಣಿರುವ ಕಾಂಡ ಮುರಿದು ಮಣ್ಣಿಗೊತ್ತಿದರೆ ಗಿಣ್ಣಿನಲ್ಲೇ ಬೇರು ಬಿಡುತ್ತದೆ. ಬೀಜವಾದರೆ ಮೇಲೆ ಉದುರಿಸಿ ಅಂಗೈಯಿಂದ ಒತ್ತಬೇಕು, ಮಣ್ಣು ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ನೆರಳಲ್ಲಿ ನೀರು ಜಾಸ್ತಿಯಾದರೆ ಸೊಪ್ಪು ಹಬ್ಬುತ್ತದೆ, ಹೂ ಕಡಿಮೆ.

ಕೊಯ್ತ ತಾಗಿದರೆ ಈ ಎಲೆಯ ರಸ ಹಿಂಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಇಲಿಗಳ ಗಾಯದ ಮೇಲೆ ಇದರ ಪರಿಣಾಮವನ್ನು ಪರೀಕ್ಷಿಸಿದ್ದಾರೆ. ಇಲಿಯ ಪರೀಕ್ಷೆ ಮನುಷ್ಯರ ಆಳದ ಗಾಯಕ್ಕೆ ಭರವಸೆಯಲ್ಲ. ಕುಡುಗೋಲು ಆಳಕ್ಕಿಳಿದರೆ ಸೊಪ್ಪು ಹುಡುಕುತ್ತಾ ನಿಲ್ಲದೆ ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ವಿಷಯ ಮರೆಯಬಾರದು. ಜಯಂತಿ ನಮ್ಮ ನೆಲದ್ದಲ್ಲ, ಉಷ್ಣವಲಯದ ಅಮೆರಿಕದಿಂದ ಬಂದದ್ದು. 1753ರಲ್ಲಿ ಲಿನ್ನೇಯಸ್ ಅದಕ್ಕೆ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಎಂದು ಹೆಸರಿಟ್ಟ. ಅಮೆರಿಕ ಸಂಯುಕ್ತ ಸಂಸ್ಥಾನ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಯಲ್ಲಿಟ್ಟಿದೆ. ಹಾಗಾಗಿ ರಂಗಯ್ಯನದುರ್ಗದ ಕೊಂಡುಕುರಿ ಕಾಡಿನಂಥ ಜಾಗಗಳಿಗೆ ಇದನ್ನು ಒಯ್ದು ನೆಡುವುದು ಸರಿಯಲ್ಲ. ಈಗಾಗಲೇ ಬೆಳೆದಿರುವ ಬದುವಿನಲ್ಲಿ ಮಾತ್ರ ಉಳಿಸಿಕೊಳ್ಳಬೇಕು. ಈರುಳ್ಳಿ ಮಡಿಯತ್ತ ತೆವಳಿದ ಕಾಂಡವನ್ನು, ಅದರ ಹೂ ಗರಿಯಾಗುವ ಮೊದಲೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ.