ಗಂಟಲ ಕ್ಯಾನ್ಸರೂ ಒಂದು ವೈರಸ್ಸೂ



ಗೊಬ್ಬರ, ಧಾರಣೆ, ಕಾಂಡಕೊರಕಗಳ ವಿಚಾರವನ್ನೇ ಬರೆಯುತ್ತ ಬಂದಿರುವ ನಾವು ಈ ಸಲ ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಗುಂಡ್ಲುಪೇಟೆ ಕಡೆಯ ಸದಸ್ಯರೊಬ್ಬರಿಗೆ ಟಾನ್ಸಿಲ್‌ನಲ್ಲಿ ಕ್ಯಾನ್ಸರ್ ಕಾಣಿಸಿತು. ಅವರು ಎಲೆಯಡಿಕೆ ಹಾಕಿದವರಲ್ಲ, ಬೀಡಿ ಸೇದಿದವರಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಇದಕ್ಕೆ ಕಾರಣವೆಂದು ವೈದ್ಯರು ಹೇಳಿದ ದಿನದಿಂದ ಮನೆಯಲ್ಲಿ ಗಂಡಹೆಂಡಿರ ಮಾತೇ ನಿಂತುಹೋಯಿತು. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಬೆಳೆಯ ಮಾತು ಆಗಿಬಿಡಲಿ. ನಮ್ಮ ದೇಶದಲ್ಲಿ ಬಾಯಿ ಮತ್ತು ಗಂಟಲ ಕ್ಯಾನ್ಸರಿಗೆ ಹೊಗೆಸೊಪ್ಪು, ಅಡಿಕೆ, ಮದ್ಯ ಇವೇ ದೊಡ್ಡ ಕಾರಣಗಳು. ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆ ಮಾರಿ ಉಣ್ಣುವ ನಮಗೆ ಇದು ಕಹಿಯಾದ ಮಾತು, ಆದರೂ ಮುಚ್ಚಿಡತಕ್ಕದ್ದಲ್ಲ.

ಇನ್ನೊಂದು ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೆ ಇದೇ ಮೂಲವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಸೂರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರ ಹಲವು ಬಗೆಗಳಲ್ಲಿ 16ನೆಯದು ಟಾನ್ಸಿಲ್ ಮತ್ತು ನಾಲಿಗೆಯ ಬುಡಕ್ಕೂ ತಗಲುತ್ತದೆ. ಮುಖ್ಯವಾಗಿ ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ. ಹೇಳಲು ಸಂಕೋಚವಾದರೂ ಹೇಳದಿದ್ದರೆ ಪಾಠ ಅರ್ಧವಾದೀತು. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಕ್ಯಾನ್ಸರ್ ಅಂಟುವುದಿಲ್ಲ.

ಲೈಂಗಿಕ ಬದುಕು ನಡೆಸುವ ಬಹುಪಾಲು ಜನರಿಗೆ ಎಂದಾದರೊಮ್ಮೆ ಎಚ್‌ಪಿವಿ ತಗಲಿಯೇ ಇರುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರದೂಡುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದು, ಜೀವಕೋಶಗಳ ಬೆಳವಣಿಗೆಗೆ ಇರುವ ಕಡಿವಾಣವನ್ನು ಸಡಿಲಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕ ಗೊತ್ತು: ಹುಳು ಒಳಗೆ ಕೊರೆಯುತ್ತಿದ್ದರೂ ಗಿಡ ಎಷ್ಟೋ ದಿನ ಹಸಿರಾಗಿಯೇ ಕಾಣುತ್ತದೆ. ಇಲ್ಲಿ ದಿನಗಳ ಬದಲು ಹತ್ತಿಪ್ಪತ್ತು ವರ್ಷ. ಆದ್ದರಿಂದ ಇಂದು ಕಂಡ ಗಡ್ಡೆಗೆ ವೈರಸ್ ಯಾರಿಂದ ಬಂತು, ಮದುವೆಗೆ ಮುಂಚೆಯೋ ಆಮೇಲೋ ಎಂದು ತಿಳಿಸುವ ಪರೀಕ್ಷೆ ಯಾವುದೂ ಇಲ್ಲ. ಆ ಮನೆಯಲ್ಲಿ ಕೂತು ನಾವು ಹೇಳಿದ್ದು ಇಷ್ಟೇ. ಆಯಮ್ಮ ಎದ್ದುಹೋಗಿ ಕಾಫಿ ತಂದಿಟ್ಟರು, ಗಂಡನಿಗೂ ಒಂದು ಲೋಟ.

ಈ ಬಗೆಯ ಕ್ಯಾನ್ಸರ್ ಹೊಗೆಸೊಪ್ಪಿನಿಂದ ಬಂದದ್ದಕ್ಕಿಂತ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಬೀಡಿ ಸೇದುವವರಲ್ಲಿ ಆ ಅನುಕೂಲ ಕಡಿಮೆ.

ಲಸಿಕೆಯೂ ಇದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ದೊರೆಯಿತು. ವೈರಸ್ ತಗಲುವ ಮುಂಚೆ, 9ರಿಂದ 14ರ ವಯಸ್ಸಿನಲ್ಲಿ ಹಾಕಿಸುವುದು ಉತ್ತಮ, ಗಂಡುಮಕ್ಕಳಿಗೂ ಹಾಕಿಸಬಹುದು. ಬಂದ ಕ್ಯಾನ್ಸರನ್ನು ಅದು ಗುಣಪಡಿಸದು.

ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಮೂರು ವಾರ ಕಳೆದರೂ ಬಿಡದ ಗಂಟಲುನೋವು, ನುಂಗಲು ಕಷ್ಟ, ಒಂದೇ ಕಿವಿಯ ನೋವು, ಕಫದಲ್ಲಿ ರಕ್ತ: ಇವು ಕಂಡರೆ ಕಷಾಯ ಕುಡಿಯುತ್ತ ಕೂರಬೇಡಿ. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಅಗತ್ಯ ಬಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದೀತು. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವಾಗ ಪಿ-16 ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ. ವೈರಸ್ಸಿನ ಸುಳಿವು ಅದರಿಂದ ಸಿಗುತ್ತದೆ.