ಎಂಟು ಮನೆಯೊಳಗಿನ ಅಪಾರ್ಟ್‌ಮೆಂಟ್: ರೇರಾ ಇಲ್ಲದಿದ್ದರೆ ಕೊಳ್ಳುವವರಿಗೆ ಯಾರು ದಿಕ್ಕು?

ಮಕ್ಕಳ ಓದಿಗೆಂದೋ ನಿವೃತ್ತಿಯ ನೆಲೆಗೆಂದೋ ಚಿಕ್ಕಜಾಜೂರಿನ ಸುತ್ತಲಿನವರು ಅಡಿಕೆಯ ದುಡ್ಡು ಕೂಡಿಟ್ಟು ಚಿತ್ರದುರ್ಗ, ದಾವಣಗೆರೆಗಳಲ್ಲಿ ಫ್ಲಾಟ್ ನೋಡುವುದುಂಟು. ‘ರೇರಾ ಇದೆಯಲ್ಲ, ಭಯವೇನು?’ ಎಂಬ ಧೈರ್ಯ ಎಲ್ಲ ಕಟ್ಟಡಕ್ಕೂ ಸಲ್ಲದು.

ರೇರಾ ಯಾವುದಕ್ಕೆ ಅನ್ವಯ?

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತ ಸೇರಿ ಮನೆಗಳು ಎಂಟು ಮೀರದಿದ್ದರೆ ನೋಂದಣಿ ಬೇಕಿಲ್ಲ. 40x60ರ ಎರಡು ಸೈಟು ಕೂಡಿಸಿದರೂ 4,800 ಚದರ ಅಡಿ. ಅದು ಈ ಮಿತಿಯೊಳಗೇ ಬರುತ್ತದೆ. ಸಣ್ಣ ನಗರಗಳ ಎಷ್ಟೋ ಅಪಾರ್ಟ್‌ಮೆಂಟುಗಳು ಹೀಗೆ ರೇರಾದ ಹೊರಗುಳಿಯುತ್ತವೆ.

ನೋಂದಣಿ ಆಗಿದ್ದರೆ

- ಲಿಖಿತ ಕರಾರು ಮಾಡಿ ನೋಂದಾಯಿಸುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.
- ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು.
- ಒಪ್ಪಿಗೆ ಪಡೆದ ನಕ್ಷೆಗೆ ಮಹಡಿ ಸೇರಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಸಮ್ಮತಿ ಬೇಕು.
- ಸ್ವಾಧೀನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು.
- ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು.

ನೋಂದಣಿ ಬೇಡದ ಕಟ್ಟಡವಾದರೆ

ಆಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗೆ ಬರುತ್ತದೆ. ಕೊಟ್ಟ ಹಣ ₹50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಆದರೆ ಕೈಯಲ್ಲಿ ಪುರಾವೆ ಇರಬೇಕು. ಹಾಗಾಗಿ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಬಾಯಿಮಾತಿನ ಭರವಸೆಯನ್ನು ಕರಾರಿನಲ್ಲಿ ಬರೆಸಿ.

ಕೇಳಿ ಪಡೆಯಬೇಕಾದ ಕಾಗದ

ಮೂಲತಃ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ದಾಖಲೆ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತೆ, ಮಂಜೂರಾದ ನಕ್ಷೆ ಮತ್ತು ಒಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ. ಒಸಿ ನೋಡಿದ ಮೇಲೆಯೇ ವಿದ್ಯುತ್, ನೀರು ಕೊಡಬೇಕು, ಬ್ಯಾಂಕ್‌ಗಳು ಸಾಲ ಮಂಜೂರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿದೆ.

ಮಂಜೂರಾತಿ ಮೀರಿ ಕಟ್ಟುತ್ತಿದ್ದರೆ

ಎಷ್ಟು ಮಹಡಿಗೆ ಅನುಮತಿ ಇದೆ, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅಕ್ಕಪಕ್ಕದವರೂ ಕೇಳಬಹುದು. ಪಂಚಾಯಿತಿ ಇಲ್ಲವೇ ನಗರಸಭೆಗೆ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಕೊಡಿ. ಉತ್ತರಕ್ಕೆ 30 ದಿನದ ಗಡುವಿದೆ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಸಿಕ್ಕ ನಕ್ಷೆಗೂ ಕಟ್ಟಡಕ್ಕೂ ತಾಳೆಯಾಗದಿದ್ದರೆ ಅನುಮತಿ ಕೊಟ್ಟ ಕಚೇರಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಯಮ ಮೀರಿ ಕಟ್ಟಿದ್ದ ನೊಯ್ಡಾದ ಸೂಪರ್‌ಟೆಕ್ ಅವಳಿ ಗೋಪುರಗಳ ವಿರುದ್ಧ ಕೋರ್ಟಿಗೆ ಹೋದದ್ದು ಅದೇ ಆವರಣದ ನಿವಾಸಿಗಳು. 2021ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. 2022ರ ಆಗಸ್ಟ್ 28ರಂದು ಗೋಪುರಗಳು ನೆಲಸಮವಾದವು.

ವಕೀಲರ ಖರ್ಚಿಗೆ ಹೆದರಿ ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.